ಸಿಸ್ಟರ್ ತವರಿಗೆ ಹೋಗಲಿಲ್ಲ

ನಾನು ಕೆಲಸಕ್ಕೆ ಸೇರಿದ ಮೊದಲ ಗುರುವಾರ ಆರೋಗ್ಯ ಕೇಂದ್ರದ ಪಡಸಾಲೆಯ ತುಂಬ ಕೂಸುಗಳಿದ್ದವು, ತಾಯಂದಿರು ಒಬ್ಬರೂ ಇರಲಿಲ್ಲ. ಎಲ್ಲ ಕೂಸುಗಳೂ ಅಜ್ಜಿಯರ ತೊಡೆಯ ಮೇಲೆ. ತಲೆಗೆ ಕುಂಚಿಗೆ, ಹಣೆಯ ಪಕ್ಕಕ್ಕೆ ದೊಡ್ಡದೊಂದು ಕಾಡಿಗೆ ಬೊಟ್ಟು, ಸೊಂಟಕ್ಕೆ ಕರಿದಾರ. ಸೂಜಿ ಚುಚ್ಚಿದ ಕೂಡಲೇ ಒಂದೊಂದೂ ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಹಾಲು ಕೊಟ್ಟು ಸುಮ್ಮನಾಗಿಸಬೇಕಾದವಳು ಊರೊಳಗೆ ಯಾವುದೋ ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಇಲ್ಲಿ ಅಜ್ಜಿ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. "ಇದರ ತಾಯಿ ಎಲ್ಲಿ?" ಎಂದು ಒಬ್ಬಳನ್ನು ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೂಜಿ ಕೂಸಿಗೇನ್ರಿ, ತಾಯಿಗೇನ್ರಿ?" ಎಂದಳು. ಕೇಂದ್ರದ ಪದ್ಧತಿಯ ಪ್ರಕಾರ ಅವಳ ಮಾತೇ ಸರಿ. ನಾನು ಮುಂದಿನ ಕೂಸಿನ ಕುಂಚಿಗೆ ಬಿಚ್ಚಿದೆ.

ನಾನು ಕುಂದಾಪುರದ ಕಡೆಯವಳು. ನರ್ಸಿಂಗ್ ಓದಿ, ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕಿ, ಕಾದು ಕಾದು ಕೊನೆಗೆ ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ. ನಮ್ಮೂರಿನವರಿಗೆ ಕಲಬುರಗಿ ಎಂದರೆ ಬಿಸಿಲು ಮತ್ತು ತೊಗರಿಬೇಳೆ. ನನಗೂ ಅಷ್ಟೇ ಗೊತ್ತಿತ್ತು. ಸುಧಾಕರ, ಅಂದರೆ ನನ್ನ ಗಂಡ, ಉಡುಪಿಯ ಶಾಲೆಯ ಕೆಲಸ ಬಿಟ್ಟು ನನ್ನ ಹಿಂದೆ ಬಂದ. ಈಗ ಜೇವರ್ಗಿ ಕಾಲೋನಿಯ ಒಂದು ಟ್ಯೂಶನ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಗಂಡನ ಹಿಂದೆ ಹೆಂಡತಿ ಹೋದರೆ ಯಾರೂ ಏನೂ ಕೇಳುವುದಿಲ್ಲ. ಹೆಂಡತಿಯ ಹಿಂದೆ ಗಂಡ ಬಂದದ್ದಕ್ಕೆ ನಮ್ಮೂರಲ್ಲೂ ನಕ್ಕರು, ಇಲ್ಲೂ ನಕ್ಕರು. ಆ ಒಂದು ವಿಷಯದಲ್ಲಿ ಎರಡೂ ಊರು ಒಂದೇ.

ಮನೆ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಸ್ಟೇಶನ್ ಬಜಾರದ ಲಾಡ್ಜೊಂದರಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬೀದಿ ಬೀದಿ ಅಲೆದೆವು. ಬ್ರಹ್ಮಪುರದಲ್ಲಿ ಹಳೆಯ ಕಲ್ಲಿನ ಮನೆಯೊಂದು ತಂಪಾಗಿತ್ತು, ಮಾತೂ ಮುಗಿದಿತ್ತು. ಮೀನು ತಿನ್ನುತ್ತೀರಾ ಎಂದು ಕೇಳಿದರು. ಕುಂದಾಪುರದವಳು ಮೀನು ತಿನ್ನುವುದಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ತಿನ್ನುತ್ತೇವೆ ಎಂದೆ, ಬೀಗದ ಕೈ ವಾಪಸು ಹೋಯಿತು. ಕೊನೆಗೆ ಜೇವರ್ಗಿ ಕಾಲೋನಿಯಲ್ಲಿ ಬಿಲ್ಕಿಸ್ ಆಪಾ ಎಂಬವರು ಮಹಡಿಯ ಮೇಲಿನ ಎರಡು ಖೋಲಿ ಕೊಟ್ಟರು. ಖೋಲಿ ಎಂದರೆ ಕೋಣೆ. "ಮಛ್ಲಿ ಪಕಾವ್, ಕುಛ್ ಬೀ ಪಕಾವ್. ನಲ್ ಖುಲ್ಲಾ ನಕ್ಕೊ ಛೋಡೊ" ಎಂದರು. ಏನು ಬೇಕಾದರೂ ಬೇಯಿಸಿಕೊಳ್ಳಿ, ನಲ್ಲಿ ಮಾತ್ರ ತೆರೆದು ಬಿಡಬೇಡಿ ಎಂದರ್ಥ. ಬಾವಿಗೆ ಕೊಡ ಇಳಿಸಿದರೆ ಸಾಕು ಎನ್ನುವ ಊರಿನಿಂದ ಬಂದ ನನಗೆ ನಲ್ಲಿ ಬರುವ ದಿನ ಕಾಯುವುದು, ಕೊಡ ಬಿಂದಿಗೆ ಮಾತ್ರವಲ್ಲ, ಪಾಯಸದ ಪಾತ್ರೆಗೂ ನೀರು ತುಂಬಿಡುವುದು ರೂಢಿಯಾಗಲು ಒಂದು ಬೇಸಿಗೆ ಬೇಕಾಯಿತು.

ದಿನಾ ಬೆಳಿಗ್ಗೆ ಹುಮನಾಬಾದ ರಸ್ತೆಯ ಬಸ್ಸು. ಕಮಲಾಪುರದಲ್ಲಿ ಇಳಿದರೆ ಅಲ್ಲಿಂದ ಟಂಟಂ, ಎಂದರೆ ಹತ್ತು ಜನ ಕೂರುವ ಆಟೋ. ಹತ್ತು ಜನ ಎಂದು ಬರೆದದ್ದು ಗಾಡಿಯ ಮರ್ಯಾದೆ ಕಾಪಾಡಲು. ಕಮಲಾಪುರದ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾರೆ. ದಪ್ಪ ಸಿಪ್ಪೆ, ಒಳಗೆ ಬೆಣ್ಣೆ. ನಮ್ಮ ಮಿಟಗ ಬಾಳೆಯ ಅಭಿಮಾನಿಯಾದ ನಾನೂ ಸೋತೆ. ಆದರೆ ಆ ಹಣ್ಣು ಬೆಳೆಯುವ ಊರಿನ ಬಾಣಂತಿಯರು ಅದನ್ನು ಮುಟ್ಟುವ ಹಾಗಿಲ್ಲ. ಥಂಡಿಯಂತೆ. ನೀರೂ ಥಂಡಿ, ಮೊಸರೂ ಥಂಡಿ. ನಮ್ಮಲ್ಲಿ ಹೆತ್ತವಳಿಗೆ ಹಂಡೆಗಟ್ಟಲೆ ಬಿಸಿನೀರು ಎರೆದು ಬೇಯಿಸುತ್ತಾರೆ. ಇಲ್ಲಿ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುತ್ತಾರೆ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕೆಂಡ, ಮೈಮೇಲೆ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ಕುಡಿಯಲು ಎರಡು ಗುಟುಕು ನೀರು. ಮೊದಲ ಸಲ ಒಬ್ಬ ಹುಡುಗಿಯನ್ನು ಹಾಗೆ ನೋಡಿ ಬಂದ ದಿನ ಟಂಟಂನಲ್ಲಿ ಕೂತು ಅತ್ತೆ. ಆಮೇಲೆ ಅಳುವಷ್ಟು ತ್ರಾಣ ಉಳಿಯಲಿಲ್ಲ.

ನಮ್ಮ ಡಾಕ್ಟರು ಮೈಸೂರಿನ ಕಡೆಯ ಹುಡುಗ, ನನಗಿಂತ ಚಿಕ್ಕವರು. ಅವರಿಗೆ ಒಂದು ವಿಷಯ ತಲೆಗೆ ಹತ್ತಿತ್ತು. ಬಸುರಿಯರ ತಪಾಸಣೆಗೆ ತಿಂಗಳಲ್ಲೊಂದು ದಿನ, ಕೂಸಿನ ಸೂಜಿಗೆ ಗುರುವಾರ, ಕುಟುಂಬ ಯೋಜನೆಯ ಮಾತಿಗೆ ಮತ್ತೊಂದು ದಿನ. ಹೆತ್ತ ಮೇಲೆ ತಾಯಿಯನ್ನು ನೋಡಲು ಯಾವ ದಿನವೂ ಇಲ್ಲ. ತೊಗರಿ ಹೊಲದ ಕೂಲಿ ಬಿಟ್ಟು ಯಾವ ಮನೆಯವರು ಇಷ್ಟು ಸಲ ಓಡಾಡುತ್ತಾರೆ? ಹಾಗಾಗಿ ಕೂಸಷ್ಟೇ ಬರುತ್ತದೆ. "ಒಂದೇ ದಿನ, ಒಂದೇ ಕಡೆ, ತಾಯಿ ಮಗು ಇಬ್ಬರನ್ನೂ ನೋಡೋಣ ಸಿಸ್ಟರ್" ಎಂದರು. ನನಗೂ ಅದು ಸರಿಯೆನಿಸಿತು. ಗುರುವಾರವನ್ನೇ ಗೊತ್ತು ಮಾಡಿದೆವು. ಕೂಸಿಗೆ ತೂಕ, ಸೂಜಿ, ತಾಯಿಗೆ ಬಿ.ಪಿ., ರಕ್ತಪರೀಕ್ಷೆ, ಹೊಲಿಗೆ ಹಾಕಿದ್ದರೆ ಅದನ್ನು ನೋಡುವುದು. ಮಾದೇವಿ ಎಂಬ ನಮ್ಮ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಅತ್ತೆಯರ ಕಾಲು ಹಿಡಿದಳು. ಕೂರಲು ಉದ್ದದ ಒಂದು ಬೆಂಚು ತರಿಸಿ ಪಡಸಾಲೆಯಲ್ಲಿ ಹಾಕಿಸಿದೆವು.

ಆ ಗುರುವಾರ ಬಾಣಂತಿಯರು ಬಂದರು. ತಲೆಗೆ ಕಿವಿಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತರು. ಡಾಕ್ಟರು ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಮುಂದಿನ ಗುರುವಾರ ತಾಯಂದಿರು ಬರಲಿಲ್ಲ. ಕೂಸುಗಳೂ ಬರಲಿಲ್ಲ, ಅಜ್ಜಿಯರೂ ಬರಲಿಲ್ಲ. ಇದ್ದುದನ್ನೂ ಕಳೆದುಕೊಂಡು ಕೂತೆವು.

ಮಾದೇವಿ ಎರಡು ದಿನ ಏನೂ ಹೇಳದೆ ಓಡಾಡಿದಳು. ನಾನು ಗದರಿದ ಮೇಲೆ ಬಾಯಿ ಬಿಟ್ಟಳು. "ಹಸಿ ಬಾಣಂತಿ ಹಸಿ ಬಾಣಂತಿ ಮಾರಿ ನೋಡಬಾರದ್ರಿ. ಒಬ್ಬಾಕಿ ಹಾಲು ಇನ್ನೊಬ್ಬಾಕಿಗಿ ಹೋಗ್ತದ. ನೀವು ಎಲ್ಲಾರನೂ ಒಂದೇ ಬಾಕಿನ ಮ್ಯಾಲ ಕೂಡಿಸಿದ್ರಿ. ಮಲ್ಲವ್ವನ ಸೊಸಿಗಿ ಮರುದಿನಾನೇ ಹಾಲು ಕಮ್ಮಿ ಆಯ್ತಂತ. ಈಗ ಊರಾಗ ಎಲ್ಲಾರೂ ನಮಗೇ ಅನ್ನಾಕತ್ತಾರ." ಮಾರಿ ಎಂದರೆ ಮುಖ.

"ನಿನಗೆ ಗೊತ್ತಿತ್ತಲ್ಲ, ಮೊದಲೇ ಯಾಕೆ ಹೇಳಲಿಲ್ಲ?"

"ಇಂಥವೆಲ್ಲ ಸುಳ್ಳು ಅಂತ ಟ್ರೇನಿಂಗಿನ್ಯಾಗ ಹೇಳಿದ್ರಲ್ರಿ. ಸುಳ್ಳ ಇರಬೇಕು ಅಂತ ನಾನೂ ಸುಮ್ಮ ಇದ್ದೆ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಬೆಂಚಿನ ಮೇಲೆ. ಬೆಂಚಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಸ್ಥಿತಿಗೆ ಮನುಷ್ಯ ಬರುತ್ತಾನೆ ಎಂದು ಈ ಕೆಲಸಕ್ಕೆ ಸೇರುವ ಮೊದಲು ನನಗೆ ಗೊತ್ತಿರಲಿಲ್ಲ. ಉಗ್ರಾಣದ ಖೋಲಿಯಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನು ತೆಗೆಸಿ, ಹಿಂದಿನ ಬಾಗಿಲಿನ ತುಕ್ಕು ಬಿಡಿಸಿದೆವು. ಒಬ್ಬಳು ಮುಂದಿನಿಂದ ಬಂದು ಹಿಂದಿನಿಂದ ಹೋದ ಮೇಲೆ ಇನ್ನೊಬ್ಬಳಿಗೆ ಫೋನು. ಮಾದೇವಿ ಗೇಟಿನಲ್ಲಿ ಪೊಲೀಸಿನವಳಂತೆ ನಿಂತು ಬಿಡುವವರನ್ನು ಬಿಟ್ಟು ತಡೆಯುವವರನ್ನು ತಡೆದಳು. "ಮೂಢನಂಬಿಕೆಗೆ ನಾವೇ ಬಾಗಿಲು ತೆಗೆದಂಗಾಯ್ತಲ್ವಾ ಸಿಸ್ಟರ್?" ಎಂದರು ಡಾಕ್ಟರು. "ತೆಗೆದ ಬಾಗಿಲಲ್ಲಿ ಜನ ಬರ್ತಾರಲ್ಲ ಸರ್" ಎಂದೆ. ನಿಧಾನಕ್ಕೆ ಬಂದರು. ಮುಂಚೆ ಬೆಳಿಗ್ಗೆಯೇ ಮುಗಿಯುತ್ತಿದ್ದ ಕೆಲಸ ಈಗ ಸಂಜೆಯವರೆಗೆ ಎಳೆಯಿತು, ಕೊನೆಯ ಬಸ್ಸು ಹಿಡಿದು ಮನೆಗೆ ಬಂದರೆ ಅನ್ನ ಬಡಿಸಿಕೊಳ್ಳಲೂ ಕೈ ಏಳುತ್ತಿರಲಿಲ್ಲ.

ಇದಾದ ಮೇಲೂ ಒಂದು ತೂತು ಉಳಿದಿತ್ತು: ತವರು. ಇಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ, ನಮ್ಮ ಸೀಮಂತದ ಹಾಗೆ. ಕುಬಸ ಮುಗಿದದ್ದೇ ತಡ, ಹುಡುಗಿ ತವರಿಗೆ. ಆರು ತಿಂಗಳು ನಾವು ರಕ್ತ ನೋಡಿ, ಬಿ.ಪಿ. ನೋಡಿ, ಗುಳಿಗೆ ನುಂಗಿಸಿ ಕಾಪಾಡಿದವಳು ಒಂದು ದಿನ ಬಸ್ಸು ಹತ್ತಿ ಮಾಯ. ಅಲ್ಲಿಯ ಕೇಂದ್ರದವರಿಗೆ ಅವಳು ಯಾರೋ, ಅವಳಿಗೆ ಅವರು ಯಾರೋ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ, ತೊಂದರೆ ಇರುವವರನ್ನಾದರೂ ಕಳಿಸಬೇಡಿ, ನೋಡಿದವರ ಕೈಕೆಳಗೇ ಹೆರಲಿ ಎಂದು. ತಲೆ ಅಲ್ಲಾಡಿಸುತ್ತಿದ್ದರು, ಕಳಿಸುತ್ತಿದ್ದರು.

ಆಗ ನಾನೇ ಬಸುರಿಯಾದೆ.

ಸುದ್ದಿ ಟಂಟಂಗಿಂತ ಮೊದಲು ಊರು ಸೇರಿತು. ಗುರುವಾರ ಬಂದ ಅಜ್ಜಿಯರೆಲ್ಲ ನನ್ನ ಹೊಟ್ಟೆ ನೋಡಿ ಕೇಳಿದ್ದು ಒಂದೇ ಮಾತು: "ತವರಿಗಿ ಯಾವಾಗ ಹೊಂಟೀರಿ?" ಅದೇ ವೇಳೆಗೆ ಕೇಂದ್ರಕ್ಕೆ ಬರುತ್ತಿದ್ದವಳು ರೇಣುಕಾ. ಹತ್ತೊಂಬತ್ತರ ಹುಡುಗಿ, ಚೊಚ್ಚಲು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಜೊತೆಗೆ ಬರುತ್ತಿದ್ದವಳು ಅತ್ತೆ ನಿಂಗಮ್ಮ. ರೇಣುಕಾಳ ಬಿ.ಪಿ. ಪ್ರತಿ ಸಲ ಒಂದಿಷ್ಟು ಮೇಲೇರುತ್ತಿತ್ತು, ಪಾದ ಊದುತ್ತಿತ್ತು. ಅವಳ ತವರು ಚಿಂಚೋಳಿಯ ಆಚೆ, ಗಡಿಯ ಕಡೆಗೆ; ಬಸ್ಸು ಸಿಕ್ಕರೆ ಸಿಕ್ಕಿತು. ಅಲ್ಲಿ ಅವಳಿಗೆ ಫಿಟ್ಸ್ ಬಂದರೆ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರುವುದಿಲ್ಲ. ಇದನ್ನು ನಾನು ಬಿಡಿಸಿ ಬಿಡಿಸಿ ನಿಂಗಮ್ಮನಿಗೆ ಹೇಳಿದೆ. ಅವಳು ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ಒಂದ್ ಮಾತ ಕೇಳ್ತೀನ್ರಿ ಸಿಸ್ಟರ್. ನೀವು ಎಲ್ಲಿ ಹಡೀತೀರಿ?"

"ನನ್ನ ವಿಷಯ ಬೇರೆ, ನಿಂಗಮ್ಮ."

"ಅದ್ಹ್ಯಾಂಗ ಬ್ಯಾರೆ ಆಗ್ತದ? ನಿಮಗೂ ಚೊಚ್ಚಲ, ಆಕಿಗೂ ಚೊಚ್ಚಲ. ನೀವು ನಿಮ್ಮ ಅವ್ವನ ಮನಿಗಿ ಹೋಗವ್ರು, ನಮ್ಮಾಕಿ ಇಲ್ಲಿ ಇರಬೇಕು. ನೀವು ಇಲ್ಲೇ ಇರ್ರಿ, ನಮ್ಮಾಕಿನೂ ಇಲ್ಲೇ ಇರ್ತಾಳ. ನೀವು ಹೋದ್ರ, ಆಕಿನೂ ಹೋಗ್ತಾಳ. ಮುಗೀತು."

ರೇಣುಕಾ ನೆಲ ನೋಡುತ್ತ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಲಿಲ್ಲ.

ನನಗೆ ಮನೆಗೆ ಹೋಗಬೇಕಿತ್ತು. ಇದನ್ನು ನೇರವಾಗಿಯೇ ಬರೆಯುತ್ತೇನೆ. ಬೆಳಿಗ್ಗೆ ಎದ್ದರೆ ಕುಚ್ಚಲಕ್ಕಿ ಗಂಜಿ ಬೇಕು, ಅದರ ಮೇಲೆ ಒಂದು ಚಮಚ ತುಪ್ಪ ಬೇಕು, ಒಣಗಿದ ಸಿಗಡಿಯ ಚಟ್ನಿ ಬೇಕು ಎಂದು ಜೀವ ಹಾತೊರೆಯುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ಎಲ್ಲ ಒಗ್ಗಿತ್ತು, ಆದರೆ ಬಸುರಿಯ ನಾಲಿಗೆ ಒಗ್ಗಿದ್ದನ್ನೆಲ್ಲ ಮರೆಯುತ್ತದೆ. ಅಮ್ಮ ಆಗಲೇ ಬಾಣಂತನದ ಮದ್ದಿನ ಸಾಮಾನು ತಂದಿಟ್ಟಾಗಿತ್ತು, ಎರೆಯುವ ಹೆಂಗಸಿಗೂ ಹೇಳಿಯಾಗಿತ್ತು. ನಾನು ಫೋನು ಮಾಡಿ, ರೇಣುಕಾಳ ವಿಷಯ ಹೇಳಿ, ಇಲ್ಲೇ ಹೆರುತ್ತೇನೆ ಎಂದೆ.

"ಆ ಹುಡ್ಗಿ ನಿಂಗೆ ಎಂತ ಆಯ್ಕ್?" ಎಂದಳು. ನಿನಗೆ ಅವಳು ಏನಾಗಬೇಕು ಎಂದು.

"ಏನೂ ಆಗಬೇಕಾಗಿಲ್ಲ."

"ಮತ್ತೆ?"

ಸುಧಾಕರನೂ ಒಂದು ರಾತ್ರಿ ಊಟ ಮಾಡುತ್ತ ಅದನ್ನೇ ಕೇಳಿದ. ಲೆಕ್ಕದ ಮೇಷ್ಟ್ರಲ್ಲವೇ, ಎಲ್ಲಕ್ಕೂ ಕಾರಣ ಬೇಕು. "ದಣಿದಿದ್ದೇನೆ, ಆಮೇಲೆ ಹೇಳ್ತೇನೆ" ಎಂದೆ. ಇವತ್ತಿಗೂ ಹೇಳಿಲ್ಲ.

ನನ್ನ ಬಸುರು ದೊಡ್ಡದಾದ ಹಾಗೆ ಬಸ್ಸು ಎತ್ತರವಾಯಿತು. ಕಂಡಕ್ಟರ್ ಒಬ್ಬ ದಿನಾ ಮುಂದಿನ ಸೀಟು ಕಾದಿರಿಸುತ್ತಿದ್ದ, "ಹುಷಾರ್ರಿ ಸಿಸ್ಟರ್, ಹಳ್ಳ ಬಂತು" ಎಂದು ಒಂದೊಂದು ಗುಂಡಿಗೂ ಮೊದಲೇ ಹೇಳುತ್ತಿದ್ದ. ಗುರುವಾರಗಳಲ್ಲಿ ನಿಂಗಮ್ಮ ಸೊಸೆಯನ್ನು ಕರೆತಂದಾಗ ಮೊದಲು ನನ್ನ ಹೊಟ್ಟೆ ನೋಡುತ್ತಿದ್ದಳು, ನಾನು ಓಡಿಹೋಗಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು ಕೂರುತ್ತಿದ್ದಳು. ಒಂದು ಸಲ ನನಗೆಂದು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ತಂದಳು. ರೇಣುಕಾಳಿಗೆ ಬಾಳೆಹಣ್ಣು ಕೊಡು ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಇಬ್ಬರಿಗೂ ಕಲಬುರಗಿಯ ದೊಡ್ಡ ದವಾಖಾನೆಯಲ್ಲೇ ಹೆರಿಗೆಯಾಯಿತು. ನನಗೆ ಹೆಣ್ಣು ಮಗು. ಕೆಲವು ದಿನ ಬಿಟ್ಟು ರೇಣುಕಾಳಿಗೆ ಗಂಡು, ಸಣ್ಣ ಕೂಸು, ತೂಕ ಕಡಿಮೆ. ಅವಳ ಬಿ.ಪಿ.ಗೆ ಗುಳಿಗೆ ಕೊಟ್ಟು, ತಪಾಸಣೆಗೆ ಬರಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಅಮ್ಮ ಸಿಟ್ಟು ನುಂಗಿಕೊಂಡು ಬಸ್ಸು ಹತ್ತಿ ಬಂದಿದ್ದಳು, ಅಕ್ಕಿಯ ಚೀಲ, ತೆಂಗಿನಕಾಯಿ, ಒಣಮೀನು, ಮದ್ದಿನ ಡಬ್ಬಿ ಎಲ್ಲ ಹೊತ್ತುಕೊಂಡು. ಎರೆಯಲು ಹಂಡೆ ನೀರು ಕೇಳಿದಾಗ ಬಿಲ್ಕಿಸ್ ಆಪಾ ಎದೆಯ ಮೇಲೆ ಕೈ ಇಟ್ಟುಕೊಂಡರು. ಆದರೂ ತಮ್ಮ ಮನೆಯ ಡ್ರಮ್ಮಿನಿಂದ ತಾವೇ ಎರಡು ಕೊಡ ತಂದು ಸುರಿದರು. ಅಮ್ಮನಿಗೆ ಈ ಊರಲ್ಲಿ ಹಿಡಿಸಿದ್ದು ಅವರೊಬ್ಬರು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ, ಬಹುಶಃ ಅದಕ್ಕೇ.

ಗುರುವಾರ ಬಂತು. ಬಿಸಿಲು ಏರುವ ಹೊತ್ತಿಗೆ ಮಾದೇವಿಯ ಫೋನು. "ಸಿಸ್ಟರ್ರಿ, ನಿಂಗಮ್ಮ ಕೂಸಿನ ತೂಕ ಮಾಡಸಾಕ ಬಂದಾಳ. ಸೊಸಿ ಬಂದಿಲ್ಲ. ಆಕಿಗಿ ನಿನ್ನಿಯಿಂದ ತಲಿ ಸಿಡೀತದಂತ, ಕಣ್ಣ ಮುಂದ ಮಬ್ಬ ಮಬ್ಬ ಕಾಣ್ತದಂತ."

ಬಿ.ಪಿ. ಇರುವ ಬಾಣಂತಿಗೆ ತಲೆ ಸಿಡಿದು ಕಣ್ಣು ಮಬ್ಬಾದರೆ ಮುಂದೆ ಬರುವುದು ಫಿಟ್ಸ್. "ಕೇಂದ್ರಕ್ಕೆ ಯಾಕೆ ಕರೆತರಲಿಲ್ಲ?" ಎಂದೆ.

"ಹ್ಯಾಂಗ ತರ್ತಾಳ್ರಿ? ನೀವು ರಜಾ ಹೋದ ಮ್ಯಾಲ ಬಂದ ಸಿಸ್ಟರ್ ಹಿಂದಿನ ಬಾಗಿಲಿಗಿ ಕೀಲಿ ಹಾಕ್ಯಾರ. ಡಾಕ್ಟರೂ ಮೀಟಿಂಗಿಗಿ ಹೋಗ್ಯಾರ. ಮತ್ತ ಎಲ್ಲಾರೂ ಬಾಕಿನ ಮ್ಯಾಲೇ."

"ಆಂಬುಲೆನ್ಸ್ ಕರೆಸು."

"ಹೇಳ್ದೆರಿ. ಸೊಸಿನ ಹತ್ತಸಂಗಿಲ್ಲ ಅಂತಾಳ. ದೊಡ್ಡ ದವಾಖಾನ್ಯಾಗ ಮಂಚಕ್ಕೊಬ್ಬಾಕಿ ಬಾಣಂತಿ, ಅಲ್ಲಿಂದೇ ಈ ತಲಿನೋವು ಹತ್ಯಾದ ಅಂತಾಳ."

ಫೋನನ್ನು ನಿಂಗಮ್ಮನಿಗೆ ಕೊಡಿಸಿದೆ. ವಾದ ಮಾಡೋಣವೆಂದರೆ ನನಗೆ ಉಸಿರಿರಲಿಲ್ಲ. ದವಾಖಾನೆಗೆ ಬೇಡ, ನನ್ನ ಮನೆಗೆ ಕರೆದುಕೊಂಡು ಬಾ, ನಾನೇ ನೋಡುತ್ತೇನೆ, ಈಗಿಂದೀಗಲೇ ಎಂದೆ. ನನ್ನ ಮನೆಯಿಂದ ದೊಡ್ಡ ದವಾಖಾನೆಗೆ ಆಟೋದಲ್ಲಿ ಸ್ವಲ್ಪವೇ ದೂರ. ಅಲ್ಲಿಯವರೆಗೆ ಬಂದರೆ ಮುಂದಿನದನ್ನು ನೋಡಿಕೊಳ್ಳಬಹುದು ಎಂದು ನನ್ನ ಲೆಕ್ಕ.

ಮಧ್ಯಾಹ್ನ ಮನೆಯ ಮುಂದೆ ಆಟೋ ನಿಂತಿತು. ಕೂಸನ್ನು ಮಾದೇವಿಯ ಕೈಯಲ್ಲಿ ಬಿಟ್ಟು ಬಂದಿದ್ದ ನಿಂಗಮ್ಮ ಒಬ್ಬಳೇ ಇಳಿದು ಮೆಟ್ಟಿಲ ಕೆಳಗೆ ನಿಂತಳು. ನಾನು ಬಿ.ಪಿ. ಉಪಕರಣ ಹಿಡಿದು ಇಳಿಯುತ್ತಿದ್ದರೆ ಎರಡೂ ಕೈ ಚಾಚಿ ತಡೆದಳು. "ಬರಬ್ಯಾಡ್ರಿ. ಆಕಿ ಒಳಗ ಬರಂಗಿಲ್ಲ, ನೀವೂ ಹೊರಗ ಬರಬ್ಯಾಡ್ರಿ. ನೀವೂ ಹಸಿ ಬಾಣಂತಿ ಇದ್ದೀರಿ."

ನನಗೆ ಅದು ನೆನಪೇ ಇರಲಿಲ್ಲ. ನಾನು ಸಿಸ್ಟರ್ ಎಂದುಕೊಂಡೇ ಮೆಟ್ಟಿಲು ಇಳಿದಿದ್ದೆ.

"ನಿಂಗಮ್ಮ, ಆಕೆ ಸಾಯ್ತಾಳೆ."

"ಹಂಗ ಅನಬ್ಯಾಡ್ರಿ" ಎಂದಳು. ಈ ಹೆಂಗಸಿಗೂ ಹೆದರಿಕೆ ಎಂಬುದು ಇದೆಯೆಂದು ನನಗೆ ಆಗ ತಿಳಿಯಿತು. ಆಟೋದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಹೋಗಿ ರೇಣುಕಾ ಹೊದ್ದಿದ್ದ ಕೌದಿಯನ್ನು ಎಳೆದುಕೊಂಡಳು. ಆಟೋದ ಬಾಯಿಗೆ ಅಡ್ಡವಾಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. "ಈಗ ಬರ್ರಿ. ಮಾರಿ ನೋಡಬ್ಯಾಡ್ರಿ. ಕೈ ಒಂದೇ ನೋಡ್ರಿ."

ಕೌದಿಯ ಬದಿಯಿಂದ ಬಳೆ ತುಂಬಿದ ಒಂದು ಕೈ ಹೊರಗೆ ಬಂತು. ಆ ಬಿಸಿಲಿನಲ್ಲಿ, ಬೀದಿಯಲ್ಲಿ, ಆಟೋದ ಪಕ್ಕ ಮೊಣಕಾಲೂರಿ ನಾನು ಆ ಕೈಗೆ ಪಟ್ಟಿ ಸುತ್ತಿದೆ. ನನ್ನ ಹೆರಿಗೆಯ ಹೊಲಿಗೆ ಎಳೆಯಿತು. ಕಿವಿಗೆ ಸ್ಟೆತೊಸ್ಕೋಪ್ ಇಟ್ಟು ಗಾಳಿ ಬಿಟ್ಟಾಗ ಮೇಲಿನ ಅಂಕಿ ನೂರ ಎಪ್ಪತ್ತನ್ನು ದಾಟಿತ್ತು. ಇನ್ನೊಮ್ಮೆ ನೋಡಿದೆ, ಅದೇ. ಕೌದಿಯ ಆಚೆಯಿಂದ ಸಣ್ಣ ದನಿ, "ಸಿಸ್ಟರ್ರಿ, ನನಗ ನಿಮ್ಮ ಕೈ ಎರಡೆರಡು ಕಾಣಾಕತ್ತಾವು" ಎಂದಿತು. ಇಷ್ಟು ತಿಂಗಳಲ್ಲಿ ರೇಣುಕಾ ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು.

"ಕೌದಿ ಹಿಡಿದುಕೊಂಡೇ ದವಾಖಾನೆಗೆ ಹೋಗೋಣ. ಅಲ್ಲೂ ಮಂಚದ ಸುತ್ತ ಅಡ್ಡ ಹಿಡಿ. ಯಾರೂ ಏನೂ ಅನ್ನದ ಹಾಗೆ ನಾನು ನೋಡ್ಕೊಳ್ತೇನೆ" ಎಂದೆ.

"ನೀವೂ ಬರ್ತೀರೇನು?"

ನಾನು ಮಹಡಿಯ ಕಡೆ ನೋಡಿದೆ. ಅಮ್ಮ ಕೂಸನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಮುಂದೆ ಡ್ರೈವರನ ಪಕ್ಕದಲ್ಲಿ ಕೂತೆ, ಹಿಂದೆ ತಿರುಗಿ ನೋಡದೆ. ನೋಡಿದರೆ ರೇಣುಕಾಳ ಮುಖ ಕಾಣುತ್ತಿತ್ತಲ್ಲ.

ದವಾಖಾನೆಯ ಮೆಟ್ಟಿಲಲ್ಲೇ ಅವಳ ಕೈಕಾಲು ಸೆಟೆದವು. ಒಳಗಿನವರು ಓಡಿ ಬಂದರು, ಸ್ಟ್ರೆಚರ್ ಬಂತು, ಸೂಜಿ ಕೊಟ್ಟರು. ನಾನು ಗೋಡೆಗೆ ಒರಗಿ ಕೂತೆ. ನನಗೆ ತಿಳಿದಿದ್ದನ್ನೆಲ್ಲ ಹೇಳಿದೆ, ಮೊದಲಿನಿಂದ ಬಿ.ಪಿ. ಹೇಗಿತ್ತು, ಯಾವ ಗುಳಿಗೆ, ಯಾವಾಗಿನಿಂದ ತಲೆನೋವು. ನಿಂಗಮ್ಮ ಮಂಚದ ಪಕ್ಕ ಕೌದಿ ಹಿಡಿದು ನಿಂತೇ ಇದ್ದಳು, ತೋಳು ನಡುಗುತ್ತಿದ್ದರೂ ಇಳಿಸಲಿಲ್ಲ. ಆಯಾ ಒಬ್ಬಳು ಬೈಯಲು ಬಂದವಳು ಅವಳ ಮುಖ ನೋಡಿ ಹೊರಟುಹೋದಳು. ಸಂಜೆ ರೇಣುಕಾ ಕಣ್ಣು ಬಿಟ್ಟು ನೀರು ಕೇಳಿದಳು. ನಿಂಗಮ್ಮ ಲೋಟ ತುಂಬ ಕೊಟ್ಟಳು.

ನಾನು ಮನೆಗೆ ಬಂದಾಗ ನನ್ನ ಮಗಳು ಅತ್ತು ಅತ್ತು ನಿದ್ದೆ ಹೋಗಿದ್ದಳು. ಅಮ್ಮ ಹಾಲಿನ ಪುಡಿ ತರಿಸಿ ಚಮಚದಲ್ಲಿ ಕುಡಿಸಿದ್ದಳು. ನನ್ನ ಎದೆ ಕಲ್ಲಾಗಿತ್ತು, ಬೆಳಗಾಗುವಷ್ಟರಲ್ಲಿ ಚಳಿಜ್ವರ. ಎರಡು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದೆ. ಜ್ವರ ಇಳಿದಾಗ ಹಾಲೂ ಇಳಿದಿತ್ತು. ಇದಕ್ಕೆ ಕಾರಣ ನನಗೆ ಗೊತ್ತು: ಬಿಸಿಲು, ಹೊತ್ತಿಗೆ ಕುಡಿಸದೇ ಇದ್ದದ್ದು, ಜ್ವರ, ನಿದ್ದೆಗೇಡು. ಎಷ್ಟು ಹೆಂಗಸರಿಗೆ ಇದನ್ನು ನಾನೇ ವಿವರಿಸಿದ್ದೇನೆ. ಕೂಸನ್ನು ಮತ್ತೆ ಮತ್ತೆ ಎದೆಗೆ ಹಿಡಿದರೆ ಬರುತ್ತದೆ ಎಂದು ಧೈರ್ಯ ಹೇಳಿದ್ದೇನೆ. ಆದರೆ ಮಗಳು ಖಾಲಿ ಎದೆ ಚೀಪಿ ಚೀಪಿ ಮುಖ ತಿರುಗಿಸಿ ಅತ್ತಾಗ, ಆ ಬಳೆ ತುಂಬಿದ ಕೈ ನೆನಪಾಯಿತು. ನೋಡಬಾರದಿತ್ತೇನೋ ಎಂದು ಒಂದು ಗಳಿಗೆ ನಿಜವಾಗಿಯೂ ಅನಿಸಿತು.

ರೇಣುಕಾ ಮನೆಗೆ ಹೋದ ಮೇಲೆ ಒಂದು ಬೆಳಿಗ್ಗೆ ನಿಂಗಮ್ಮ ಬಂದಳು. ಕೈಯಲ್ಲಿ ಬಿಳಿ ಜೋಳದ ಗಂಟು. ನನ್ನ ಸ್ಥಿತಿ ಮಾದೇವಿಯಿಂದ ತಿಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಅಮ್ಮ ನನಗೆ ಗಂಜಿ ತಂದವಳು ಬಾಗಿಲಲ್ಲೇ ನಿಂತಳು.

"ನಿಮ್ಮ ಹಾಲು ನಮ್ಮ ಕಡಿ ಬಂದದ್ರಿ ಸಿಸ್ಟರ್. ಕೌದಿ ಅಡ್ಡ ಹಿಡಿದ್ರೂ ಬಂದದ. ನಮ್ಮಾಕಿಗಿ ಈಗ ಸೀರಿ ತೋಯುವಷ್ಟು ಆಗ್ಯಾದ. ತಿರುಗಿ ಕೊಡಾಕ ಬಂದೀನಿ. ಉಡಿ ಹಿಡೀರಿ."

ನಾನು ವಿವರಿಸಿದೆ. ಜ್ವರದ ವಿಷಯ, ಎದೆ ಕಟ್ಟಿಕೊಂಡ ವಿಷಯ, ರೇಣುಕಾಳಿಗೆ ನೀರು ಸರಿಯಾಗಿ ಕುಡಿಸಿದ್ದರಿಂದ ಹಾಲು ಹೆಚ್ಚಿದ ವಿಷಯ. ನಿಂಗಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. "ಇರಬೇಕ್ರಿ. ಉಡಿ ಹಿಡೀರಿ."

ಉಡಿ ಎಂದರೆ ನಮ್ಮ ಮಡಿಲು. ಮಗಳನ್ನು ಬಾಣಂತನ ಮುಗಿಸಿ ಕಳಿಸುವಾಗ ನಮ್ಮ ಕಡೆಯೂ ಮಡಿಲು ತುಂಬುತ್ತಾರೆ, ಅಕ್ಕಿಯಿಂದ. ಅಮ್ಮನಿಗೆ ಮಾತು ಅರ್ಥವಾಗದಿದ್ದರೂ ಗಂಟು ಬಿಚ್ಚುವುದು ನೋಡಿ ಅರ್ಥವಾಯಿತು. "ಅದ್ ನಾ ಮಾಡ್ಕಾದ್ದ್ ಅಲ್ದಾ?" ಎಂದಳು ಮೆಲ್ಲಗೆ. ಅದು ನಾನು ಮಾಡಬೇಕಾದ್ದಲ್ಲವೇ ಎಂದು.

ನಿಂಗಮ್ಮ ನನ್ನ ಮುಖ ನೋಡಿದಳು. ನಾನು ಹೇಳಿದೆ, ತವರಿನವರು ತುಂಬಬೇಕು ಅಂತಾಳೆ ನಮ್ಮಮ್ಮ ಎಂದು.

"ಖರೇ ಅದ ಅವ್ವಾರು ಹೇಳೋದು" ಎಂದಳು ನಿಂಗಮ್ಮ, ಅಮ್ಮನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ. "ಆದ್ರ ಈಕಿ ತವರಿಗಿ ಹೋಗಲಿಲ್ಲಲ್ರಿ. ನಮ್ಮ ಸೊಸಿ ಸಲುವಾಗಿ ಇಲ್ಲೇ ಉಳದಾಳ. ಮತ್ತ ಈಕಿ ಉಡಿ ನಾವು ತುಂಬದ ಯಾರು ತುಂಬಬೇಕು?"

ಅಷ್ಟು ದಿನ ನನ್ನನ್ನು ರೀ ಎಂದು ಕರೆಯುತ್ತಿದ್ದವಳು ಈಕಿ ಎಂದಳು. ನಾನು ಸೆರಗು ಹರಡಿದೆ. ಹಿಡಿ ಹಿಡಿಯಾಗಿ ಜೋಳ ಬಿತ್ತು. ಹಾಲು ಬರುತ್ತದೆಂದು ನಂಬಿ ಹರಡಿದೆನೋ, ಅವಳ ಮನಸ್ಸು ನೋಯಬಾರದೆಂದು ಹರಡಿದೆನೋ, ನನಗೇ ಬೇಕಾಗಿತ್ತೋ, ಈಗಲೂ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ನಿಂಗಮ್ಮ ಹೋದಳು. ಅಮ್ಮ ಗಂಜಿಯ ಬಟ್ಟಲನ್ನು ನನ್ನ ಪಕ್ಕ ಇಟ್ಟಳು. ನೆಲಕ್ಕೆ ಚೆಲ್ಲಿದ ಜೋಳದ ಕಾಳುಗಳನ್ನು ಬಗ್ಗಿ ಒಂದೊಂದಾಗಿ ಹೆಕ್ಕಿ ನನ್ನ ಮಡಿಲಿಗೇ ಹಾಕಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಬಸ್ಸಿಗೆ ಟಿಕೇಟ್ ಮಾಡ್ಸ್ ಮಗಾ. ನಂಗೆ ಇನ್ ಇಲ್ಲಿ ಎಂತ ಕೆಲ್ಸ?" ಎಂದಳು.

ಎದ್ದು ಹೋಗಿ ಅವಳ ಕೈ ಹಿಡಿಯಬೇಕಿತ್ತು. ಮಡಿಲ ತುಂಬ ಜೋಳ ಇತ್ತು, ಏಳಲಾಗಲಿಲ್ಲ.